ನಲವತ್ತೊಂದನೆಯ ಪುಟ

ಡೈರೆಕ್ಟರ್ ಸಾಹೇಬರಿಗೆ,

ತೀರಿಹೋದ ನನ್ನ ಹೆಂಡತಿಯ ಲ್ಯಾಬ್ ಪುಸ್ತಕವನ್ನು ನಿಮ್ಮ ಸನ್ಮಾನದ ದಿನ ಗಾಜಿನ ಪೆಟ್ಟಿಗೆಯಲ್ಲಿಡಲು ಕೇಳಿದ್ದೀರಿ. ಇಂಥ ಪತ್ರಗಳಲ್ಲಿ ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಬರೆಯಬೇಕೆಂದು ಕಾಲೇಜಿನಲ್ಲಿ ಓದಿದ ನೆನಪು. ಸಲ್ಲುವಷ್ಟೇ ಗೌರವ ಎಂದರ್ಥವಿರಬೇಕು. ಅಷ್ಟನ್ನೇ ಇಟ್ಟು ಬರೆಯುತ್ತಿದ್ದೇನೆ.

ಕೆಲಸ ಮುಗಿದ ರೋಗನಿರೋಧಕ ಕೋಶಗಳು ತಾವಾಗಿಯೇ ಸಾಯುತ್ತವೆ, ಸಾಯದಿದ್ದರೆ ಮೈಯನ್ನೇ ತಿನ್ನುತ್ತವೆ ಎಂದು ತೋರಿಸಲು ಅವಳು ಇಪ್ಪತ್ತು ವರ್ಷ ಸತ್ತ ಕೋಶಗಳನ್ನು ಎಣಿಸಿದಳು. “ಏನಮ್ಮಾ, ಹೆಣ ಎಣಿಸೋದೂ ಒಂದು ರಿಸರ್ಚಾ?” ಎಂದು ನಕ್ಕವರು ನೀವು. ಈಗ ಅದೇ ಕೆಲಸದ ಪದಕಕ್ಕೆ ಕೊರಳು ಚಾಚಿದ್ದೀರಿ.

ಪುಸ್ತಕ ಕೊಡುತ್ತೇನೆ. ಆದರೆ ನಲವತ್ತೊಂದನೆಯ ಪುಟವನ್ನೇ ತೆರೆದಿಡಬೇಕು. ಅಲ್ಲಿ ಕೆಂಪು ಶಾಯಿಯಲ್ಲಿ, “ಕೋಶಗಳು ಸತ್ತಿವೆ. ಪ್ರಯೋಗ ಕೆಟ್ಟಿದೆ. ಎಸೆಯಿರಿ” ಎಂದಿದೆ; ಕೆಳಗೆ ನಿಮ್ಮ ಸಹಿ. ಅದರಡಿ ಅವಳ ಅಕ್ಷರ: “ಎಸೆಯಲಿಲ್ಲ. ಎಣಿಸಿದೆ.”

ಒಪ್ಪಿಗೆಯಿದ್ದರೆ ಜನ ಕಳಿಸಿ.

ಯುವರ್ಸ್ ಫೇತ್‌ಫುಲಿ, ನಿಮಗಲ್ಲ, ಅವಳಿಗೆ,
ಅವಳ ಗಂಡ