ಹದಿನೈದನೇ ನಂಬರಿನ ಮಗಳಿಗೆ

ಮನೆಯಿಂದ,
ಅಕ್ಟೋಬರ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಚೂಟಿ,

ಹೇಗಿದ್ದೀಯಮ್ಮಾ? ಉಳುಕಿದ ಕಣಕಾಲು ಈಗ ಹೇಗಿದೆ? 'ಪರವಾಗಿಲ್ಲಮ್ಮ, ಓಡ್ತಿದ್ದೀನಿ' ಎಂದು ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ನಿನ್ನ 'ಪರವಾಗಿಲ್ಲ'ವನ್ನು ಎಷ್ಟು ನಂಬಬೇಕೆಂದು ನನಗೆ ಗೊತ್ತು. ಏಳನೇ ತರಗತಿಯಲ್ಲಿ ಕೈ ಮುರಿದುಕೊಂಡು ಬಂದಾಗಲೂ ಅದನ್ನೇ ಹೇಳಿ, ಎಡಗೈಯಲ್ಲಿ ಊಟ ಮಾಡಲು ಕೂತಿದ್ದವಳು ನೀನು. ನೀವಿಬ್ಬರೂ ಮಾತಾಡುವಾಗ ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿರುತ್ತೇನೆ, ಕಿವಿ ಮಾತ್ರ ಆ ಕಡೆ. ಮೊನ್ನೆ ಒಂದೇ ಪುಟವನ್ನು ಇಪ್ಪತ್ತು ನಿಮಿಷ ಓದಿದೆ. ನೀನು ಫೋನ್ ಇಟ್ಟ ಮೇಲೆ ನೋಡಿದರೆ ಅದು ಪೂರ್ತಿ ಟೆಂಡರ್ ಜಾಹೀರಾತು. ನಮ್ಮ ವಿಷಯದಲ್ಲಿ ಚಿಂತೆ ಬೇಡ. ನನ್ನ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ. ನಿಮ್ಮಮ್ಮನಿಗೆ ಹೊಸ ಕನ್ನಡಕ ಬಂದಿದೆ, ಈಗ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವುದಿಲ್ಲ. ಅದೊಂದು ಕೆಲಸ ಕಡಿಮೆಯಾದದ್ದಕ್ಕೆ ನನಗೆ ಸ್ವಲ್ಪ ಬೇಜಾರೇ ಆಗಿದೆ.

ನೀನು ನನ್ನೊಂದಿಗೆ ಮಾತು ಬಿಟ್ಟು ಏಳು ತಿಂಗಳಾಯಿತು. ಮಾರ್ಚ್ ತಿಂಗಳ ಆ ಬಾಸ್ಕೆಟ್‌ಬಾಲ್ ಫೈನಲ್ ದಿನದಿಂದ. ಕೊನೆಯ ಮೂರು ನಿಮಿಷ ಉಳಿದಿತ್ತು, ನಿಮ್ಮ ತಂಡ ಎರಡು ಪಾಯಿಂಟ್ ಮುಂದಿತ್ತು, ಸ್ಕೋರ್ ಮೇಜಿನಲ್ಲಿ ಕೂತಿದ್ದ ನಾನು ನಿನ್ನ ಹದಿನೈದನೇ ನಂಬರಿನ ಮುಂದೆ ಐದನೇ ಫೌಲ್ ಬರೆದೆ. ಐದಾದರೆ ಆಟದಿಂದ ಹೊರಗೆ. ನೀನು ಮೇಜಿನ ತನಕ ಓಡಿ ಬಂದು, 'ಅಪ್ಪಾ, ನಾನು ಅವಳನ್ನ ಮುಟ್ಟಲೇ ಇಲ್ಲ, ಸರಿಯಾಗಿ ನೋಡು' ಎಂದೆ. ನಾನು ತಲೆ ಎತ್ತದೆ, 'ಪುಸ್ತಕದಲ್ಲಿ ಬಂದಾಯ್ತು, ಹೋಗಿ ಕೂತ್ಕೋ' ಎಂದೆ. ತಂಡ ಒಂದೇ ಒಂದು ಪಾಯಿಂಟಿನಿಂದ ಸೋತಿತು. ಎಲ್ಲರೂ ನಿನ್ನ ಮೇಲೆ ಗೂಬೆ ಕೂರಿಸಿದರು. ಜೂನ್‌ನಲ್ಲಿ ನೀನು ಬೇರೆ ಕಾಲೇಜಿಗೆ ಸೇರಿ ಹೊರಟೇಹೋದೆ. ಅದರ ಬಗ್ಗೆ ಬರೆಯುವುದಿದೆ. ಮೊದಲು ತಂಡಗಳ ವಿಷಯ ಮುಗಿಸುತ್ತೇನೆ, ಅದು ನನಗೆ ಸುಲಭ.

ಶುಕ್ರವಾರ ನಮ್ಮ ಕಾಲೇಜಿನಲ್ಲಿ ಈ ಋತುವಿನ ಮೊದಲ ಪಂದ್ಯಾವಳಿ ಶುರುವಾಗುತ್ತದಲ್ಲ, ಪ್ರತಿವರ್ಷದಂತೆ ಗೋಡೆಗೆ ಅಂಟಿಸುವ 'ತಂಡಗಳ ಪರಿಚಯ' ಹಾಳೆ ಬರೆದೆ. ಬೇರೆ ವರ್ಷ ನಾನು ಹೇಳುತ್ತಿದ್ದೆ, ನೀನು ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದೆ, ಮಧ್ಯೆ ಮಧ್ಯೆ 'ಇದು ಪರಿಚಯ ಅಲ್ಲಪ್ಪ, ಚಾಡಿ' ಎಂದು ಹೊಡೆದೂ ಹಾಕುತ್ತಿದ್ದೆ. ಈ ಸಲ ಒಬ್ಬನೇ ಬರೆದೆ. ಹೊಡೆದುಹಾಕುವವರು ಇಲ್ಲದ ಕಾರಣ ಚಾಡಿ ಸ್ವಲ್ಪ ಜಾಸ್ತಿಯಾಗಿದೆ. ಗೋಡೆಗೆ ಹೋಗುವ ಮೊದಲು ನೀನು ಓದಬೇಕು ಅನಿಸಿತು. ಇದರಲ್ಲಿ ಗುಟ್ಟೇನೂ ಇಲ್ಲ, ಎಲ್ಲರ ಅಭ್ಯಾಸ ಪಂದ್ಯಗಳೂ ಬಾಗಿಲು ತೆರೆದೇ ನಡೆದದ್ದು.

ಈ ಸಲ ನಾಲ್ಕೇ ತಂಡ. ಮೊದಲು ಕೃಷಿ ಕಾಲೇಜಿನವರು. ಹೋದ ವರ್ಷ ಅವರಲ್ಲಿ ಮೂವರು ಎತ್ತರದ ಹುಡುಗಿಯರಿದ್ದರು, ಇಬ್ಬರು ಓದು ಮುಗಿಸಿ ಹೋದರು. ಉಳಿದವಳು, ನೀವೆಲ್ಲ 'ಏಣಿ' ಎಂದು ಕರೆಯುತ್ತಿದ್ದವಳು. ಪಾಪದ ಹುಡುಗಿ, ಡಿಕ್ಕಿ ಹೊಡೆದವರಿಗೆ ತಾನೇ ಸಾರಿ ಕೇಳುತ್ತಾಳೆ. ರಿಂಗಿಗೆ ತಾಗಿ ಹೊರಬಂದ ಚೆಂಡು ಅವಳ ಕೈ ತಪ್ಪಿ ಹೋಗುವುದಿಲ್ಲ. ಆದರೆ ಫ್ರೀ ಥ್ರೋ ಗೆರೆಯಲ್ಲಿ ನಿಲ್ಲಿಸಿದರೆ ಕೈಕಾಲು ನಡುಕ. ಹತ್ತು ಎಸೆದರೆ ನಾಲ್ಕು ಬಿದ್ದರೆ ಹೆಚ್ಚು. ಕೋಚು ಅವಳನ್ನು ಬೈಯುವುದು ಬಿಟ್ಟು, ಎಸೆಯುವ ಮುಂಚೆ ಒಂದು ಮಾತು ಧೈರ್ಯ ಹೇಳಿದರೆ ಈ ತಂಡ ಎಲ್ಲರ ನೀರಿಳಿಸುತ್ತದೆ. ಆ ಕೋಚಿಗೆ ಇದನ್ನು ಯಾರು ಹೇಳಬೇಕು? ಹೇಳಲು ನಾನು ಯೋಗ್ಯನೂ ಅಲ್ಲ.

ಎರಡನೆಯದು ನರ್ಸಿಂಗ್ ಕಾಲೇಜು. ಶುಕ್ರವಾರ ನಿನ್ನ ಹೊಸ ತಂಡದ ಮೊದಲ ಪಂದ್ಯ ಇವರ ಜೊತೆಗೇ, ಆದ್ದರಿಂದ ಗಮನವಿಟ್ಟು ಓದು. ಹನ್ನೆರಡು ಜನರ ಹೆಸರು ಕೊಟ್ಟಿರುತ್ತಾರೆ, ಬರುವುದು ಎಂಟೇ ಜನ. ಉಳಿದವರು ವಾರ್ಡಿನಲ್ಲಿ. ಬಂದವರೂ ಡ್ಯೂಟಿ ಮುಗಿಸಿ ನೇರ ಬಂದವರು. ಹಾಗೆಂದು ಕನಿಕರಪಟ್ಟರೆ ಕೆಟ್ಟೆ. ಬೆಳಗಿನಿಂದ ಕಾರಿಡಾರಿನಲ್ಲಿ ಓಡಾಡಿ ಪಳಗಿದ ಕಾಲುಗಳು, ನಲವತ್ತು ನಿಮಿಷವೂ ನಿಲ್ಲುವುದಿಲ್ಲ. ಪ್ರತಿ ತಂತ್ರಕ್ಕೂ ಒಂದೊಂದು ಔಷಧಿಯ ಹೆಸರಿಟ್ಟಿದ್ದಾರೆ. ಅವರ ಕ್ಯಾಪ್ಟನ್ ಅಂಕಣದ ಮಧ್ಯೆ ನಿಂತು ಯಾವುದೋ ಕೆಮ್ಮಿನ ಸಿರಪ್ಪಿನ ಹೆಸರು ಕೂಗಿದರೆ, ಎಡಮೂಲೆಯಿಂದ ಮೂರು ಪಾಯಿಂಟಿನ ಎಸೆತ ಬರುತ್ತದೆ ಎಂದು ತಿಳಿ. ಮಾತ್ರೆಗಳ ಅರ್ಥ ನನಗೆ ಇನ್ನೂ ಹತ್ತಿಲ್ಲ.

ಮೂರನೆಯದು ನಮ್ಮ ಕಾಲೇಜು, ನಿನ್ನ ಹಳೆಯ ತಂಡ. ಚೆಂಡು ನಡೆಸುವ ನಿನ್ನ ಜಾಗಕ್ಕೆ ಮೊದಲ ವರ್ಷದ ಒಬ್ಬ ಹುಡುಗಿ ಬಂದಿದ್ದಾಳೆ. ಚುರುಕಾಗಿದ್ದಾಳೆ, ಆದರೆ ಚೆಂಡು ಕೈಗೆ ಬಂದ ಕೂಡಲೇ ಕೋಚಿನ ಮುಖ ನೋಡುತ್ತಾಳೆ. ನೀನಾದರೋ ಕೋಚ್ ಅರಚಿಕೊಂಡರೂ ತಿರುಗಿ ನೋಡುತ್ತಿರಲಿಲ್ಲ. ತಂಡದ ಹೊಸ ಬನಿಯನ್ನುಗಳಿಗೆ ನಂಬರ್ ಹೊಲಿಯುವ ಕೆಲಸ ಎಂದಿನಂತೆ ನಿಮ್ಮಮ್ಮನಿಗೇ ಬಂತು. ನಾಲ್ಕರಿಂದ ಹದಿನಾಲ್ಕರವರೆಗೆ ಹೊಲಿದು, ಯಂತ್ರ ನಿಲ್ಲಿಸಿ, ಹದಿನೈದರ ಬನಿಯನ್ ಎಲ್ಲಿ ಎಂದು ಕೇಳಿ ಕಳಿಸಿದಳು. 'ಅದು ಈ ವರ್ಷ ಹಾಗೇ ಇರ್ಲಿ ಬಿಡಿ ಅಮ್ಮ' ಎಂದರಂತೆ ಕೋಚ್. ನಿಮ್ಮಮ್ಮ ಅಂದು ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ.

ಇನ್ನು ನಿಮ್ಮ ತಂಡ. ಹಾಳೆಯಲ್ಲಿ ಎರಡೇ ಸಾಲು ಬರೆದಿದ್ದೇನೆ, ಮಗಳಿರುವ ತಂಡವೆಂದು ಯಾರೂ ಆಡಿಕೊಳ್ಳಬಾರದಲ್ಲ. ಪತ್ರಕ್ಕೆ ಆ ಹಂಗಿಲ್ಲ. ನಿಮ್ಮ ಅಭ್ಯಾಸ ಪಂದ್ಯ ನಾನು ನೋಡಿದೆ. ಹೌದು, ಬಂದಿದ್ದೆ. ಕಾಲೇಜಿನ ಪ್ರಯೋಗಾಲಯದ ಕೆಲಸಕ್ಕೆ ರಜೆ ಹಾಕಿ, ಅಲ್ಲಿಗೆ ಬೇಕಾದ ಗಾಜಿನ ಸಾಮಾನು ತರಲು ಹೋಗುತ್ತೇನೆಂದು ನಿಮ್ಮಮ್ಮನಿಗೆ ಸುಳ್ಳು ಹೇಳಿ, ಎರಡು ಬಸ್ಸು ಬದಲಿಸಿ ಬಂದು, ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದೆ. ಅಲ್ಲೂ ಹದಿನೈದನೇ ನಂಬರನ್ನೇ ಕೇಳಿ ತೆಗೆದುಕೊಂಡಿದ್ದೀಯ. ಹತ್ತೊಂಬತ್ತು ವರ್ಷದಿಂದ ಸ್ಕೋರ್ ಬರೆಯುತ್ತಿದ್ದೇನೆ, ಕೈಯಲ್ಲಿ ಪೆನ್ನಿಲ್ಲದೆ ನಿನ್ನ ಆಟ ನೋಡಿದ್ದು ಅದೇ ಮೊದಲು. ನೀನು ಇಷ್ಟು ಚೆನ್ನಾಗಿ ಆಡುತ್ತೀಯೆಂದು ನನಗೆ ಗೊತ್ತಿರಲಿಲ್ಲ. ಅಂಕೆಗಳಲ್ಲಿ ಗೊತ್ತಿತ್ತು, ಅಷ್ಟೇ. ತಪ್ಪು ಹುಡುಕದಿದ್ದರೆ ನಾನು ನಿನ್ನ ಅಪ್ಪನೇ ಅಲ್ಲ, ಆದ್ದರಿಂದ ಕೇಳು: ಇನ್ನೂ ಬಲಗಡೆಯಿಂದಲೇ ನುಗ್ಗುತ್ತೀಯ, ಎಡಗಡೆ ದಾರಿ ಬಿಟ್ಟುಕೊಟ್ಟರೂ ಬೇಡವೆನ್ನುತ್ತೀಯ. ನರ್ಸಿಂಗ್ ಹುಡುಗಿಯರು ಇದನ್ನು ಎರಡು ನಿಮಿಷದಲ್ಲಿ ಪತ್ತೆ ಹಚ್ಚುತ್ತಾರೆ. ಮತ್ತೆ, ಓಡಿ ಬಂದು ನಿಂತಾಗ ಆ ಕಣಕಾಲಿನ ಮೇಲೆ ಭಾರ ಹಾಕುವುದಿಲ್ಲ. ಪರವಾಗಿಲ್ಲವಂತೆ! ನನ್ನ ಅಂದಾಜು ಕೇಳಿದರೆ, ಶನಿವಾರದ ಫೈನಲ್ ನಿಮಗೂ ನಮ್ಮ ಕಾಲೇಜಿಗೂ. ಯಾರು ಗೆಲ್ಲುತ್ತಾರೆಂದು ಬರೆದರೆ ನಮ್ಮ ಕೋಚ್ ನನ್ನನ್ನು ಕಾಲೇಜಿನ ಗೇಟಿನೊಳಗೆ ಬಿಡಲಿಕ್ಕಿಲ್ಲ.

ನಿಮ್ಮ ತಂಡ ಹಾಸ್ಟೆಲಿನಲ್ಲಿ ಉಳಿಯುತ್ತದೆಂದು ಕೇಳಿದೆ. ನೀನು ಅಲ್ಲೇ ಇರಬೇಕೋ ಮನೆಗೆ ಬರಬೇಕೋ, ನಿನ್ನ ಇಷ್ಟ. ಕೋಣೆ ಗುಡಿಸಿ, ಹಾಸಿಗೆಗೆ ಬಿಸಿಲು ಕಾಣಿಸಿದ್ದಾಗಿದೆ. ಅದು ಒತ್ತಾಯವಲ್ಲ, ಹೇಗೂ ಬಿಸಿಲು ಚೆನ್ನಾಗಿತ್ತು. ನಿನ್ನ ಕೋಚಿಗೆ ನನ್ನ ನಮಸ್ಕಾರ ತಿಳಿಸು, ಕೋಣೆಯ ಗೆಳತಿಯರಿಗೆ ಪ್ರೀತಿ. ಕಾಲು ಗಟ್ಟಿಯಾಗಲಿ, ಮನಸ್ಸು ಹಗುರಾಗಲಿ, ಎಸೆದದ್ದೆಲ್ಲ ಬುಟ್ಟಿಗೆ ಬೀಳಲಿ.

ಇಂತಿ ನಿನ್ನ,
ಅಪ್ಪ

ವಿ.ಸೂ.: ಹನ್ನೊಂದರ ಬಸ್ಸಿಗೆ ನಿನ್ನನ್ನು ನೋಡಲು ನಿಮ್ಮಮ್ಮ ಹೊರಟಿದ್ದಾಳೆ, ಈ ಪತ್ರ ಅವಳ ಕೈಯಲ್ಲೇ ಕಳಿಸಬೇಕು. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, 'ಬರೆದ್ರಾ ಅದನ್ನ?' ಎಂದು ಕೇಳುತ್ತಿದ್ದಾಳೆ. ಬರೆದಿಲ್ಲ. ಈಗ ಬರೆಯುತ್ತೇನೆ, ಅಕ್ಷರ ನೋಡಬೇಡ. ನಿನ್ನೆ ಸ್ಕೋರ್ ಮೇಜಿಗೆ ಬರುವ ಹೊಸಬರಿಗೆ ತರಬೇತಿ ಇತ್ತು. ಹೇಳಿಕೊಡಲು ಬಂದವರು ಆ ಫೈನಲ್ ಆಡಿಸಿದ ರೆಫರಿಯೇ. ಫೌಲ್ ಮಾಡಿದವರ ನಂಬರನ್ನು ಬೆರಳಲ್ಲಿ ತೋರಿಸಿ 'ಬರ್ಕೊಳ್ಳಿ' ಎಂದರು. ಎಡಗೈಯ ಐದೂ ಬೆರಳು ಬಿಚ್ಚಿತ್ತು, ಬಲಗೈ ಮುಷ್ಟಿ. ಮುಷ್ಟಿ ಎಂದರೆ ಹತ್ತು, ನಿನಗೂ ಗೊತ್ತು. ಹೊಸಬರು ಹದಿನೈದು ಎಂದು ಬರೆದರು, ನಾನೂ ಬರೆದೆ. ಅವರು ನಕ್ಕು, 'ಐದು ಕಣ್ರಪ್ಪಾ! ನಾನು ಎಡಚ. ಬಲಗೈಲಿ ಇರೋದು ಸೀಟಿ, ಅದನ್ನ ಹತ್ತು ಅಂದ್ಕೋಬೇಡಿ' ಎಂದರು. ಸೀಟಿ ಯಾವಾಗಲೂ ಕುತ್ತಿಗೆಯಲ್ಲಿ ನೇತಾಡುತ್ತಿತ್ತಲ್ಲ ಎಂದೆ. 'ಮಾರ್ಚ್ ಫೈನಲ್ ಮಧ್ಯದಲ್ಲಿ ದಾರ ಕಿತ್ತೋಯ್ತು, ಅವತ್ತಿಂದ ಕೈಲೇ ಹಿಡ್ಕೊಳ್ತೀನಿ' ಎಂದರು. ಬೀರು ತೆಗೆದು ಆ ದಿನದ ಪುಸ್ತಕ ನೋಡಿದೆ. ನಿನ್ನ ಪಕ್ಕದಲ್ಲೇ ಹಾರಿದ್ದವಳು ನಿಮ್ಮದೇ ತಂಡದ ಐದನೇ ನಂಬರಿನವಳು. ಅವಳ ಮುಂದೆ ಆಗ ಎರಡೇ ಫೌಲ್ ಇತ್ತು, ಅದು ಮೂರನೆಯದಾಗುತ್ತಿತ್ತು. ಯಾರೂ ಹೊರಗೆ ಹೋಗಬೇಕಾಗಿರಲಿಲ್ಲ. ಅವತ್ತೇ ಯಾಕೆ ಹೇಳಲಿಲ್ಲ ಎಂದು ಅವರನ್ನು ಕೇಳಿದೆ. 'ನಂಗೂ ಅನುಮಾನ ಬಂತು. ಆದ್ರೆ ಅಪ್ಪನೇ ಮಗಳನ್ನ ಹೊರಗೆ ಕಳಿಸ್ತಿದ್ದಾರೆ ಅಂದ್ಮೇಲೆ ಪುಸ್ತಕ ಸರಿಯಾಗೇ ಇರುತ್ತೆ ಅಂದ್ಕೊಂಡೆ' ಎಂದರು. ಅಲ್ಲೇ ಎದ್ದು ನಿಂತು ಎಲ್ಲರಿಗೂ ಹೇಳಿದೆ. ಆಮೇಲೆ ಅಂಕಣಕ್ಕೆ ಹೋಗಿ ಕೋಚಿಗೆ, ನಿನ್ನ ಹಳೆಯ ಗೆಳತಿಯರಿಗೆ ಹೇಳಿದೆ. ಪಂದ್ಯಾವಳಿ ಸಮಿತಿಗೆ ಬರೆದು ಸಹಿ ಹಾಕಿ ಕೊಟ್ಟೆ. ಆ ಫೈನಲಿನ ಕಪ್ಪು ವಾಪಸು ಬರುವುದಿಲ್ಲ, ಈ ಏಳು ತಿಂಗಳೂ ಬರುವುದಿಲ್ಲ. ಎಲ್ಲರಿಗೂ ಹೇಳಿದ ಮೇಲೆ ಉಳಿದವಳು ನೀನೊಬ್ಬಳೇ, ಮೊದಲು ಹೇಳಬೇಕಾಗಿದ್ದದ್ದೂ ನಿನಗೇ. ಅವಳನ್ನು ನೀನು ಮುಟ್ಟಿರಲಿಲ್ಲ, ಚೂಟಿ. ನೀನು ಹೇಳಿದ್ದೇ ನಿಜ. ನಾನು ಪುಸ್ತಕ ನಂಬಿದೆ, ನಿನ್ನನ್ನು ನಂಬಲಿಲ್ಲ. ತಪ್ಪಾಯ್ತು ಮಗಳೇ.