ಗೋಪುರದ ಕೆಳಗೆ ಬಿಟ್ಟ ಬೂಟು

ಅಪ್ಪಾ,

ಇವತ್ತು ಬೆಳಿಗ್ಗೆ ಶ್ರೀರಾಂಪುರದ ಬಸ್ಸಿನಿಂದ ಇಳಿದಾಗ ನಮ್ಮ ರಾಜಗೋಪುರ ಮಂಜಿನಲ್ಲಿ ಮುಳುಗಿತ್ತು. ಮೇಲೆ ಕಳಸ ಮಾತ್ರ ತೇಲುತ್ತಿತ್ತು. ಆ ಬಿಳುಪಿನೊಳಗೆಲ್ಲೋ ನೀನು ಇನ್ನೂ ಗಾರೆ ಮೆತ್ತುತ್ತಾ ಕೂತಿದ್ದೀಯ ಅನ್ನಿಸಿತು.

ಈಗ ಬಣ್ಣ ಬಳಿಯಲು ಸಾರವೆ ಕಟ್ಟಿದ್ದಾರೆ. ನಿನ್ನ ಗೆಳೆಯ ಚಿತ್ತಯ್ಯ ಮಾವ ಬೂಟು ಬಿಚ್ಚಿಟ್ಟು, ಕೈಮುಗಿದು, ಬರಿಗಾಲಲ್ಲಿ ಹತ್ತಲು ಹೊರಟಿದ್ದರು. ಮಂಜಿಗೆ ಕಂಬಗಳೆಲ್ಲ ಒದ್ದೆಯಾಗಿದ್ದವು. ಓಡಿಹೋಗಿ ಅಡ್ಡ ನಿಂತೆ.

“ಬೂಟು ಹಾಕ್ಕಳ್ರಿ ಮಾವ, ಜಾರತೈತೆ.”

“ದೇವ್ರ ಗೋಪುರದ ಮ್ಯಾಲೆ ಬೂಟುಗಾಲು ಇಡಾಕಾಗತೈತೇನವ್ವ?”

ಅಲ್ಲೇ ಕೂತು ಅವರ ಕಾಲಿಗೆ ಬೂಟು ತೊಡಿಸಿ ಲೇಸು ಬಿಗಿದೆ. ಸೊಂಟದ ಬೆಲ್ಟಿನ ಕೊಕ್ಕೆಯನ್ನೂ ಎಳೆದು ನೋಡಿದೆ. ಅವರು ಮೆಲ್ಲಗೆ ಹತ್ತಿ ಮಂಜಿನೊಳಗೆ ಕರಗಿದರು. ಸಂಜೆ ಇಳಿದು ಬರುವವರೆಗೂ ನಾನು ಕೆಳಗೇ ಕೂತಿದ್ದೆ.

ನೀನು ಬಿದ್ದ ದಿನವೂ ಅಲ್ಲೇ ಕೂತಿದ್ದೆ, ನಿನ್ನ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು. “ದೇವ್ರ ಮ್ಯಾಲೆ ಬೂಟೇನಪ್ಪಾ?” ಅಂತ ಎಂಟು ವರ್ಷದ ನಾನು ಕೇಳಿದ್ದಕ್ಕೆ ನೀನು ನಕ್ಕು, ಬಿಚ್ಚಿ ಕೊಟ್ಟಿದ್ದೆ.

ಅವ್ವ ಇವತ್ತಿಗೂ ಆ ದೇವರನ್ನೇ ಬೈಯುತ್ತಾಳೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.