ಒಂದು ಕೊಂಬಿನ ತಪ್ಪು

ಮನೆಯಿಂದ,
ಎರಡನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಯಜಮಾನಿಯವರಿಗೆ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನನ್ನು ಎತ್ತಿ ಕೂರಿಸುವಾಗ ಒಬ್ಬಳೇ ಒದ್ದಾಡಬೇಡ, ಪಕ್ಕದ ಮನೆಯವರನ್ನು ಕೂಗು. ಹಾಸಿಗೆ ಹಿಡಿದ ಮೇಲೂ ನಿನ್ನಕ್ಕನ ಬಾಯಿ ಮಾತ್ರ ಎದ್ದು ಓಡಾಡುತ್ತಿದೆ ಎಂದು ನೀನು ಬರೆದಿದ್ದೆ, ಓದಿ ಸಮಾಧಾನವಾಯಿತು. ನಾನು ಚೆನ್ನಾಗಿದ್ದೇನೆ. ಅನ್ನ ತಳ ಹಿಡಿಯುವುದು ಈಗ ವಾರಕ್ಕೆ ಎರಡೇ ಸಲ. ಪ್ರೆಸ್ಸಿನಲ್ಲಿ ಸಿಕ್ಕ ಮಜವಾದ ತಪ್ಪುಗಳನ್ನು ಮೊದಲಿನ ಹಾಗೆಯೇ ಚೀಟಿಯಲ್ಲಿ ಬರೆದುಕೊಂಡು ಬರುತ್ತೇನೆ, ಸಂಜೆ ನಿನಗೆ ಓದಿ ನಗಿಸಬೇಕೆಂದು. ಬಾಗಿಲ ಬೀಗ ತೆಗೆಯುವಾಗ ನೀನಿಲ್ಲವೆಂಬುದು ನೆನಪಾಗುತ್ತದೆ. ಹದಿನಾಲ್ಕು ತಿಂಗಳ ಚೀಟಿಗಳು ಸಕ್ಕರೆ ಡಬ್ಬದಲ್ಲಿವೆ.

ಈಗ ವಿಷಯಕ್ಕೆ ಬರುತ್ತೇನೆ, ನಗಬೇಡ. ಪ್ರೆಸ್ಸಿನ ಕೆಲಸ ಬಿಡಲು ಕೊನೆಗೂ ನಿರ್ಧರಿಸಿದೆ. ದಿನಕ್ಕೆ ಮೂರು ಗಂಟೆ ಕರಡು ತಿದ್ದುವ ಕೆಲಸವಾದರೂ ತಿಂಗಳ ಮುಂಚೆ ಬರೆದುಕೊಡಬೇಕಂತೆ. ‘ಮುಂದಿನ ಒಂದನೇ ತಾರೀಖಿನಿಂದ ಕೆಲಸ ಬಿಡುವೆ’ ಎಂದು ಒಂದೇ ಸಾಲು ಬರೆದು ನಿನ್ನೆ ಕೊಟ್ಟೆ. ಮಾಲೀಕ ಓದಿ, “ಬಿಡುವು ತಾನೇ ಮೇಷ್ಟ್ರೇ, ಧಾರಾಳವಾಗಿ ತಗೊಳ್ಳಿ. ಹದಿನೈದು ದಿನ ಸಾಕಾ?” ಅಂದ. ಇಣುಕಿ ನೋಡಿದರೆ ‘ಬಿಡುವೆ’ ಇರಬೇಕಾದಲ್ಲಿ ‘ಬಿಡುವು’ ಎಂದು ಬರೆದಿದ್ದೇನೆ. ಹೋದ ತಿಂಗಳಷ್ಟೇ ಮದುವೆ ಕಾಗದವೊಂದರಲ್ಲಿ ‘ವಧು’ ಹೋಗಿ ‘ವಧೆ’ ಆಗಿದ್ದುದನ್ನು ಹಿಡಿದು ಒಂದು ಸಂಸಾರ ಉಳಿಸಿದವನು ನಾನು. ನನ್ನದೇ ಕೊಂಬು ನನ್ನ ಕಣ್ಣಿಗೆ ಬೀಳಲಿಲ್ಲ. ಮೇಷ್ಟರಾಗಿದ್ದಾಗ ಮಕ್ಕಳ ತಪ್ಪಿಗೆ, ನಿವೃತ್ತನಾದ ಮೇಲೆ ಕಂಡವರ ತಪ್ಪಿಗೆಲ್ಲ ಕೆಂಪು ಶಾಯಿ ಬಳಿದವನಿಗೆ ಬಿಗುಮಾನ ಬೇರೆ. ಸುಮ್ಮನೆ ತಲೆಯಾಡಿಸಿ ಬಂದುಬಿಟ್ಟೆ.

ರಾತ್ರಿಯೆಲ್ಲ ಅದೇ ಯೋಚನೆ. ಕೈ ತಪ್ಪಿದ್ದಲ್ಲ, ಮನಸ್ಸೇ ಹಿಂಜರಿದದ್ದು. ನಿನ್ನಕ್ಕನ ಮನೆಯಲ್ಲಿ ಕೂತು ಉಣ್ಣುವವನಾಗುತ್ತೇನಲ್ಲ ಎಂಬ ಅಳುಕು. ಇಲ್ಲಿ ಮೂರು ಗಂಟೆಯ ಮಟ್ಟಿಗಾದರೂ ಯಾರಿಗೋ ಬೇಕಾದವನು. ಅಕ್ಕನ ಮನೆಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಬಿಡುವು ಮಾಡ್ಕೊಂಡು ಬರಬೇಡಿ. ಬಂದ್ರೆ ಬಿಟ್ಟು ಬನ್ನಿ.” ಆದರೂ ಎರಡು ಸಲ ಬಿಡುವು ಮಾಡಿಕೊಂಡೇ ಬಂದೆ. ಎರಡು ಸಲವೂ ನಾಲ್ಕನೇ ದಿನ ನೀನೇ ನನ್ನ ಚೀಲ ತುಂಬಿಕೊಟ್ಟೆ. ಅದನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ. ನೀನಿಲ್ಲದೆ ನನಗೆ ಆಗುತ್ತಿಲ್ಲ ಕಣೇ. ಇಷ್ಟು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ,
ತಪ್ಪು ಹುಡುಕುವವನು

ತಾ.ಕ.: ಸೋಮವಾರ. ಇದನ್ನು ಅಂಚೆಗೆ ಹಾಕುವ ಮೊದಲು ಪ್ರೆಸ್ಸಿಗೆ ಹೋಗಿದ್ದೆ. ಮಾಲೀಕನ ಎದುರೇ ನನ್ನ ಕಾಗದದ ಕೊಂಬಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಬಿಡುವೆ’ ಎಂದು ತಿದ್ದಿದೆ. ಅವನು ಕಾಗದ ಮಡಿಸಿ ಮೇಜಿನ ಖಾನೆಗೆ ಹಾಕುತ್ತ, “ಇದೊಂದು ತಪ್ಪನ್ನ ಹಾಗೇ ಬಿಡಬಹುದಿತ್ತು ಮೇಷ್ಟ್ರೇ” ಅಂದ. ಮುಂದಿನ ಒಂದನೇ ತಾರೀಖು ಸಂಜೆಯ ಬಸ್ಸಿಗೆ ಬರುತ್ತೇನೆ, ಮನೆಯ ಬೀಗದ ಕೈಯನ್ನು ಒಡೆಯರಿಗೆ ಕೊಟ್ಟು. ಸಕ್ಕರೆ ಡಬ್ಬ ತರುತ್ತಿದ್ದೇನೆ. ನಾನು ಬಂದ ಕೂಡಲೇ ನನ್ನ ಚೀಲವನ್ನು ಅಟ್ಟದ ಮೇಲೆ, ನಿನ್ನ ಕೈಗೆ ಸಿಗದ ಕಡೆ ಇಡುತ್ತೇನೆ.